ಮಕ್ಕಳ ಜೊತೆ ದುರ್ಗದ ಕೋಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಕ್ಕಳಿಬ್ಬರನ್ನೂ ಅಮ್ಮನನ್ನೂ ಕರೆದುಕೊಂಡು ಚಿತ್ರದುರ್ಗದ ಕೋಟೆ ನೋಡಲು ಒಂದು ದಿನ ಸಾಕೇ ಎಂದು ಕೇಳಿದ್ದೀಯ. ಸಾಕು, ಕೋಟೆ ಪೂರ್ತಿ ನೋಡಿಯೇ ತೀರುತ್ತೇನೆ ಎಂಬ ಹಟ ಬಿಟ್ಟರೆ. ನಿನ್ನ ಚಿಕ್ಕವಳಿಗೆ ಆರು ವರ್ಷ. ಆ ವಯಸ್ಸಿಗೆ ಬಂಡೆ, ಮೆಟ್ಟಿಲು ಹತ್ತಿಳಿಯುವ ಕಸುವು ಹೆಚ್ಚೆಂದರೆ ಮೂರು ಗಂಟೆ. ಅದನ್ನು ಎಲ್ಲಿ ಖರ್ಚು ಮಾಡಿಸುತ್ತೀಯ ಎನ್ನುವುದರ ಮೇಲೆ ಇಡೀ ದಿನ ನಿಂತಿದೆ.

ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ತುಮಕೂರು, ಶಿರಾ, ಹಿರಿಯೂರು ದಾಟಿದರೆ ದುರ್ಗ. ಬೆಳಗಿನ ಜಾವ ಐದಕ್ಕೆ ಹೊರಟು ದಾರಿಯಲ್ಲಿ ತಿಂಡಿ ಮುಗಿಸಿದರೆ ಒಂಬತ್ತರ ಹೊತ್ತಿಗೆ ಕೋಟೆಯ ಬಾಗಿಲಲ್ಲಿರುತ್ತೀರಿ. ಹಿಂದಿನ ರಾತ್ರಿಯೇ ಬಂದು ಊರಲ್ಲಿ ಉಳಿದು ಬೆಳಗ್ಗೆ ಬೇಗ ಹತ್ತಿದರೆ ಇನ್ನೂ ವಾಸಿ. ಹನ್ನೊಂದೂವರೆಯ ನಂತರ ಬಿಸಿಲು ಮೇಲಿಂದ ಮಾತ್ರ ಬರುವುದಿಲ್ಲ, ಕಾದ ಬಂಡೆಯಿಂದಲೂ ಹೊಡೆಯುತ್ತದೆ. ಮಕ್ಕಳು ನೆಲಕ್ಕೆ ಹತ್ತಿರ ಇರುವುದರಿಂದ ನಮಗಿಂತ ಮೊದಲು ಅವರೇ ಸೊರಗುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಬರುವುದೇ ಬೇಡ. ಡಿಸೆಂಬರ್, ಜನವರಿ ಹವೆ ಚೆನ್ನ, ಆದರೆ ಅದು ಶಾಲಾ ಪ್ರವಾಸದ ಕಾಲ. ಒಂದೇ ಬಾಗಿಲಲ್ಲಿ ನೂರಾರು ಮಕ್ಕಳು ಒಟ್ಟಿಗೆ ನುಗ್ಗುತ್ತಿರುತ್ತಾರೆ.

ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯದು. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದೊಡ್ಡವರದನ್ನು ಮೊಬೈಲಿನಲ್ಲೇ ತೆಗೆದುಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಮೇಲೆ ಹೋದ ಮೇಲೆ ಶೌಚಾಲಯ ಸಿಗುವುದಿಲ್ಲ ಎಂದುಕೊಂಡೇ ಹೊರಡು, ಕೆಳಗೇ ಎಲ್ಲರದೂ ಮುಗಿಯಲಿ. ತಲೆಗೊಂದು ಲೀಟರ್ ನೀರು, ಟೋಪಿ, ಹಿಂದೆ ಪಟ್ಟಿ ಇರುವ ಷೂ ಅಥವಾ ಸ್ಯಾಂಡಲ್. ಹವಾಯಿ ಚಪ್ಪಲಿ ಖಂಡಿತ ಬೇಡ. ಎಷ್ಟೋ ಜನ ನಡೆದು ನಡೆದು ಬಂಡೆ ಕನ್ನಡಿಯಾಗಿದೆ, ಇಳಿಯುವಾಗ ಜಾರುತ್ತದೆ.

ಇನ್ನು ಕೋತಿಗಳು. ಅವುಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಸಾಕು. ಚಿಪ್ಸ್ ಪ್ಯಾಕೆಟ್, ಬಾಳೆಹಣ್ಣು, ಕೈಯಲ್ಲಿ ಹಿಡಿದ ಜ್ಯೂಸ್ ಯಾವುದೂ ಬೇಡ. ತಿನ್ನುವುದೆಲ್ಲ ಜಿಪ್ ಇರುವ ಬ್ಯಾಗಿನೊಳಗಿರಲಿ, ಬ್ಯಾಗು ದೊಡ್ಡವರ ಬೆನ್ನ ಮೇಲಿರಲಿ. ಕೋತಿ ಕಿತ್ತುಕೊಳ್ಳಲು ಬಂದರೆ ಬಿಟ್ಟುಬಿಡಬೇಕು, ಎಳೆದಾಡಬಾರದು, ಓಡಬಾರದು ಎಂದು ಮಕ್ಕಳಿಗೆ ಕಾರಿನಲ್ಲೇ ಹೇಳಿಡು. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಎಳೆದಾಡುವಾಗಲೇ.

ಗೈಡ್ ಬೇಕೆಂದರೆ ಬಾಗಿಲಲ್ಲೇ ಸಿಗುತ್ತಾರೆ. ಗುರುತಿನ ಚೀಟಿ ನೋಡಿ, ದರವನ್ನೂ ಏನೇನು ತೋರಿಸುತ್ತಾರೆ ಎನ್ನುವುದನ್ನೂ ಮೊದಲೇ ಮಾತಾಡಿಕೊ. "ಮಕ್ಕಳಿದ್ದಾರೆ, ಎರಡು ಗಂಟೆ, ಓಬವ್ವನ ಕಿಂಡಿ ತಪ್ಪಿಸಬೇಡಿ" ಎಂದರೆ ಅವರಿಗೆ ಅರ್ಥವಾಗುತ್ತದೆ.

ಏಳು ಸುತ್ತಿನ ಕೋಟೆ ಎಂದು ಕೇಳಿ ಬಂದ ಮಕ್ಕಳು ಒಳಗೆ ಸುತ್ತು ಎಣಿಸಲು ಹೊರಟು ಲೆಕ್ಕ ಸಿಗದೆ ಜಗಳವಾಡುತ್ತಾರೆ. ಮೂರು ಸುತ್ತು ಕೆಳಗೆ ಸಮನೆಲದಲ್ಲಿ, ನಾಲ್ಕು ಬೆಟ್ಟದ ಮೇಲೆ. ಹಾಗಾಗಿ ಊರೊಳಗಿನ ರಂಗಯ್ಯನ ಬಾಗಿಲನ್ನು ಬರುವಾಗಲೇ ಕಾರು ನಿಲ್ಲಿಸಿ ತೋರಿಸು. ಅದೂ ಕೋಟೆಯದೇ.

ಮೊದಲ ಬಾಗಿಲುಗಳ ಹತ್ತಿರ ಅವಸರ ಮಾಡಬೇಡ. ನನ್ನನ್ನು ಕೇಳಿದರೆ ಮಕ್ಕಳಿಗೆ ಇಡೀ ಕೋಟೆಯಲ್ಲಿ ಇದೇ ಒಳ್ಳೆಯ ಪಾಠ. ದೊಡ್ಡವನಿಗೆ ಹೇಳು: "ನೀನು ಶತ್ರುವಿನ ಆನೆ, ಓಡಿ ಬಂದು ಬಾಗಿಲಿಗೆ ಗುದ್ದು." ನಾಲ್ಕು ಹೆಜ್ಜೆಗೆ ದಾರಿ ತಿರುಗುತ್ತದೆ, ವೇಗ ಸಿಗುವುದೇ ಇಲ್ಲ. ನಿಂತಲ್ಲಿಂದ ತಲೆಯೆತ್ತಿ ನೋಡಿದರೆ ಎರಡೂ ಕಡೆ ಗೋಡೆ, ಮೇಲೆ ಕಾವಲಿನವರು ನಿಲ್ಲುವ ಜಾಗ. ಬಾಗಿಲನ್ನು ದಾರಿಗೆ ನೇರವಾಗಿ ಇಡದೆ ಓರೆಯಾಗಿ ಕಟ್ಟಿದ್ದು ಇದಕ್ಕೇ. ಕದ ಈಗ ಇಲ್ಲದಿದ್ದರೂ ಅದು ತಿರುಗುತ್ತಿದ್ದ ಕುಳಿಗಳನ್ನು ಹುಡುಕಿಸು. ಗೋಡೆಯ ಹಾವಿನ ಕೆತ್ತನೆಯನ್ನೂ ಗಂಡಭೇರುಂಡವನ್ನೂ ಯಾರು ಮೊದಲು ನೋಡುತ್ತಾರೆ ಎಂದು ಪಂದ್ಯ ಇಡು. ಸುತ್ತಲಿನ ಬಂಡೆಗಳ ಅಂಚಿನಲ್ಲಿ ಸಾಲಾಗಿ ಚಿಕ್ಕ ಕುಳಿಗಳು ಕಾಣುತ್ತವೆ. ಅವು ಬೆಣೆ ಬಡಿದು ಕಲ್ಲು ಸೀಳಿದ ಗುರುತು. ಈ ಬೆಟ್ಟದಿಂದಲೇ ಸೀಳಿದ ಕಲ್ಲು ಇದೇ ಗೋಡೆಗೆ ಹೋಗಿದೆ.

ಮದ್ದು ಬೀಸುವ ಕಲ್ಲುಗಳು ಕೆಳಭಾಗದಲ್ಲೇ ಇವೆ. ತಗ್ಗಿನಲ್ಲಿ ನಾಲ್ಕು ಭಾರಿ ಬೀಸುಕಲ್ಲು, ತಿರುಗಿಸಲು ಪ್ರಾಣಿಗಳನ್ನು ಕಟ್ಟುತ್ತಿದ್ದರಂತೆ. ಕೋವಿಮದ್ದಿಗೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಗಂಧಕ, ಇದ್ದಿಲು ಮೂರೂ ಬೇಕು, ಅದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಮೂರೂ ನುಣ್ಣಗೆ ಅರೆದು ಬೆರೆತಷ್ಟೂ ಮದ್ದು ಬೇಗ ಉರಿಯುತ್ತದೆ. ದೀಪಾವಳಿ ಪಟಾಕಿ ಹಚ್ಚಿದ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.

ಮೇಲೆ ಏಕನಾಥೇಶ್ವರಿ ಗುಡಿಯ ಬಯಲಿನಲ್ಲಿ ದೀಪಸ್ತಂಭ, ಉಯ್ಯಾಲೆ ಕಂಬಗಳಿವೆ. ಎಲ್ಲರನ್ನೂ ಕೂರಿಸಲು ಇದೇ ಸರಿಯಾದ ಜಾಗ. ಅಮ್ಮನಿಗೆ ಮಂಡಿ ನೋವಿದ್ದರೆ ಅವರ ಪ್ರವಾಸ ಇಲ್ಲಿಗೇ ಮುಗಿಯಲಿ, ನಿಮ್ಮಲ್ಲೊಬ್ಬರು ಜೊತೆಗಿರಿ. ಹಿಡಿಂಬೇಶ್ವರ ಗುಡಿ ಹತ್ತಿರದಲ್ಲೇ. ಭೀಮ ಹಿಡಿಂಬನನ್ನು ಕೊಂದದ್ದು ಈ ಬೆಟ್ಟದಲ್ಲಿ ಎಂಬುದು ಇಲ್ಲಿಯವರ ನಂಬಿಕೆ. ಸಂಪಿಗೆ ಸಿದ್ದೇಶ್ವರದಲ್ಲಿ ಪಾಳೆಯಗಾರರ ಪಟ್ಟಾಭಿಷೇಕ ನಡೆಯುತ್ತಿತ್ತು. ಗುಡಿಗಳಲ್ಲಿ ಹೆಚ್ಚು ಹೊತ್ತು ಕಳೆದರೆ ಮಕ್ಕಳು ಬೇಸರಪಡುತ್ತಾರೆ, ನಮಸ್ಕಾರ ಮಾಡಿ ಹೊರಡು.

ಹೊಂಡಗಳನ್ನು ಮಾತ್ರ ಬಿಡಬೇಡ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ ಇಳಿಯುವಂತೆ ಮಾಡಿದ್ದಾರೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ತಡೆದದ್ದು ಈ ನೀರಿನಿಂದ. ನನ್ನ ಲೆಕ್ಕಕ್ಕೆ ಇದರ ಮುಂದೆ ಗೋಡೆ ಎರಡನೆಯದು. ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ಆಳವೂ ಇದೆ. ಮಗುವಿನ ಕೈ ಹಿಡಿದು ಮೇಲಿಂದಲೇ ನೋಡಿ.

ಓಬವ್ವನ ಕಿಂಡಿ ನೋಡಲೆಂದೇ ಮಕ್ಕಳು ಬಂದಿರುತ್ತಾರೆ, ಜನ ಎಡವುವುದೂ ಇಲ್ಲೇ. ಮೊದಲು ಮೇಲೆಲ್ಲ ಸುತ್ತಿ ಕೊನೆಗೆ ಕಿಂಡಿಗೆ ಬರುವಷ್ಟರಲ್ಲಿ ಚಿಕ್ಕವರನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಅಲ್ಲಿಗೆ ಇಳಿದು ಹೋಗಬೇಕು, ಇಳಿದಷ್ಟನ್ನೂ ಮತ್ತೆ ಹತ್ತಬೇಕು. ಏಕನಾಥೇಶ್ವರಿ ಬಯಲಿನಲ್ಲಿ ಸುಧಾರಿಸಿಕೊಂಡ ಕೂಡಲೇ ಕಿಂಡಿ ಮುಗಿಸಿ, ಆಮೇಲೆ ಹೊಂಡಗಳಿಗೆ ಹೋಗಿ. ಕಿಂಡಿಯ ಪಕ್ಕದ ತಣ್ಣೀರು ದೋಣಿ ಎಂಬ ನೀರಿನ ಸೆಲೆಯನ್ನೂ ತೋರಿಸು. ಕಾವಲಿನ ಗಂಡ ಊಟಕ್ಕೆ ಬಂದಿದ್ದಾಗ ಓಬವ್ವ ನೀರಿಗೆ ಬಂದದ್ದು ಅಲ್ಲಿಗೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರುತ್ತಿದ್ದರು, ತಲೆ ಹೊರಬಂದಂತೆ ಒನಕೆಯಿಂದ ಬಡಿದಳು ಎಂಬ ಕಥೆ ಯಾಕೆ ನಂಬುವಂತಿದೆ ಎನ್ನುವುದು ದೊಡ್ಡವನು ತಾನೇ ಬಗ್ಗಿ ತೂರಿದಾಗ ತಿಳಿಯುತ್ತದೆ. ತೂರುವಾಗ ಕೈಗಳು ನೆಲದ ಮೇಲಿರುತ್ತವೆ, ಕತ್ತಿ ಎತ್ತಲಾಗುವುದಿಲ್ಲ. ಒಬ್ಬರು ಈಚೆ, ಒಬ್ಬರು ಆಚೆ ನಿಂತು ಮಕ್ಕಳನ್ನು ಬಿಡಿ. ನಿನ್ನ ಹೊಟ್ಟೆಗೆ ಆ ಸಾಹಸ ಬೇಡ!

ಕೋಟೆ ಬಿದ್ದದ್ದು 1779ರಲ್ಲಿ. ಓಬವ್ವನ ಪ್ರಸಂಗ ಅದಕ್ಕೂ ಮುಂಚಿನ ಮುತ್ತಿಗೆಯದು. ಕೊನೆಯ ಪಾಳೆಯಗಾರ ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಎರಡನ್ನೂ ಒಂದೇ ದಿನದ ಕಥೆಯೆಂಬಂತೆ ಬೆರೆಸಿ ಹೇಳುವವರಿದ್ದಾರೆ, ಮಕ್ಕಳಿಗೆ ಬಿಡಿಸಿ ಹೇಳು.

ತುಪ್ಪದ ಕೊಳದ ಬಂಡೆ ಈ ಸಲ ಬೇಡ. ಕಾಲಿಡಲು ಕಡಿದ ಗುಳಿಗಳನ್ನು ನೋಡಿ ಹುಡುಗರು ಸರಸರ ಹತ್ತಿಬಿಡುತ್ತಾರೆ, ಇಳಿಯುವಾಗ ಗುಳಿ ಕಣ್ಣಿಗೆ ಕಾಣದೆ ಮಧ್ಯದಲ್ಲಿ ಅಳುತ್ತಾ ಕೂರುತ್ತಾರೆ.

ಮಧ್ಯಾಹ್ನ ಒಂದರೊಳಗೆ ಕೆಳಗಿಳಿದು ಊಟ ಮಾಡಿ. ಹುರುಪು ಉಳಿದಿದ್ದರೆ ಸಂಜೆ ಊರ ಪಕ್ಕದ ಚಂದ್ರವಳ್ಳಿಗೆ ಹೋಗಬಹುದು. ಕೆರೆ ಇದೆ, ನೆರಳಿದೆ, ಕದಂಬರ ಮಯೂರನ ಶಾಸನವಿದೆ. ಅಂಕಲಿ ಮಠದ ಗುಹೆಗೆ ಟಾರ್ಚ್ ಬೇಕು, ಕತ್ತಲಿಗೆ ಹೆದರುವ ಮಗುವನ್ನು ಒಳಗೆ ಎಳೆಯಬೇಡ.

ಹೊರಡುವ ಹಿಂದಿನ ರಾತ್ರಿ ದುರ್ಗದಲ್ಲಿ ಮಳೆ ಬಂದಿದ್ದರೆ ಒಂದು ವಾರ ಮುಂದೆ ಹಾಕು. ಒದ್ದೆ ಬಂಡೆ ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ.

ಇಂತಿ ನಿನ್ನ
ಗೆಳೆಯ