ಅಟ್ಟ ಮೇಲೆ ಉರಿಯುವ ಒಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಉತ್ತರ ಬರೆಯಲು ಕೂತು ಎರಡು ಸಲ ಎದ್ದು ಹೋದೆ. ಮೊದಲ ಸಲ ಬರೆದದ್ದು ಚರ್ಚಿನಲ್ಲಿ ಕೇಳುವ ಭಾನುವಾರದ ಪ್ರಸಂಗದ ಹಾಗಿತ್ತು, ಹರಿದು ಹಾಕಿದೆ. ಎರಡನೆಯದರ ತುಂಬ ಬರೀ ಸಮಾಧಾನದ ಮಾತು. ನೀನು ಕೇಳಿದ್ದು ಸಮಾಧಾನವನ್ನಲ್ಲ ಎಂದು ಅದನ್ನೂ ಬಿಟ್ಟೆ.

"ಪ್ರತಿ ಉಪವಾಸ ಕೂಟದಲ್ಲೂ ಮೊಣಕಾಲೂರಿ ಅಳುತ್ತೇನೆ. ಮೂರು ದಿನ ಕಳೆಯುವುದರೊಳಗೆ ಮಗನ ಮೇಲೆ ಅದೇ ಕೂಗಾಟ, ಅವೇ ಮಾತು. ಹಾಗಾದರೆ ನನ್ನ ಮಾನಸಾಂತರ ಸುಳ್ಳೇ?" ಎಂದು ಕೇಳಿದ್ದೀಯ. ದೀಕ್ಷಾಸ್ನಾನವಾಗಿ ಇಷ್ಟು ವರ್ಷಗಳಾದ ಮೇಲೆ ಇದನ್ನು ಕೇಳಲು ನಾಚಿಕೆ ಎಂದೂ ಬರೆದಿದ್ದೀಯ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ನಮ್ಮಂಥವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದೇ ಇಲ್ಲ. ನೀನು ಕೇಳಿದೆಯಲ್ಲ, ನನಗಿಂತ ಮುಂದಿದ್ದೀಯ.

ಮಾನಸಾಂತರಕ್ಕೆ ನಾವು ಹೇಳುವ ಇನ್ನೊಂದು ಮಾತು ಪಶ್ಚಾತ್ತಾಪ, ಆ ಪದವನ್ನು ಒಡೆದು ನೋಡು. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ಆಗಿಹೋದ ಮೇಲೆ ಹತ್ತಿಕೊಳ್ಳುವ ಬೇಗೆ. ನಮ್ಮ ಗಾದೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ: ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಅಡುಗೆಯಾದ ಮೇಲೆ ಧಗಧಗಿಸುವ ಒಲೆಯ ಬೆಂಕಿ ಸುಳ್ಳು ಬೆಂಕಿಯೇನಲ್ಲ, ಮುಟ್ಟಿದರೆ ಕೈ ಸುಡುತ್ತದೆ. ಆದರೆ ಅದರ ಮೇಲೆ ಏನೂ ಬೇಯುತ್ತಿಲ್ಲ. ನಿನ್ನ ಕಣ್ಣೀರು ನಾಟಕವೆಂದು ನಾನು ಯಾವತ್ತೂ ಹೇಳಲಾರೆ. ಆ ಉರಿಯ ಮೇಲೆ ಪಾತ್ರೆ ಇಟ್ಟಿದ್ದೀಯಾ ಎಂದಷ್ಟೇ ಕೇಳಬಲ್ಲೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದಕ್ಕಿರುವ ಪದ ಮೆಟನೋಯ, ಮನಸ್ಸೇ ಬೇರೆಯಾಗುವುದು. ಪ್ರವಾದಿಗಳ ಹೀಬ್ರೂವಿನಲ್ಲಿ ಶೂಬ್, ಹಿಂದಿರುಗುವುದು. ದಾರಿ ಹಿಡಿದು ಹೋದವನು ಮನೆಗೆ ಮರಳಿದರೂ ಅದೇ ಪದ. ನಮ್ಮ ಬೈಬಲ್ ಅನುವಾದಗಳಲ್ಲಿ ಒಂದು ಕಡೆ "ಮಾನಸಾಂತರಪಡಿರಿ" ಎಂದಿದ್ದರೆ ಇನ್ನೊಂದು ಕಡೆ "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದಿದೆ. ನನಗೆ ಎರಡನೆಯದೇ ಇಷ್ಟ. ಅದು ಕಾಲಿಗೆ ಕೆಲಸ ಕೊಡುವ ಮಾತು. ಅಳುತ್ತ ಅಳುತ್ತಲೇ ಅದೇ ದಿಕ್ಕಿಗೆ ನಡೆಯಬಹುದು ಗೆಳೆಯಾ, ನಾನು ನಡೆದಿದ್ದೇನೆ.

ನಿನಗೆ ಹೇಳದೇ ಉಳಿದ ಸಂಗತಿಯೊಂದಿದೆ. ಹಿಂದಿನ ಕೆಲಸದಲ್ಲಿದ್ದಾಗ ಲೆಕ್ಕದಲ್ಲಿ ನಾನು ಮಾಡಿದ ಒಂದು ತಪ್ಪು ನನ್ನ ಕೈಕೆಳಗಿದ್ದ ಹುಡುಗನ ತಲೆಗೆ ಬಂತು. ನಾನಾಗಿ ಹೊರಿಸಲಿಲ್ಲ. ಸುಮ್ಮನಿದ್ದೆ, ಅಷ್ಟೇ. ಆ "ಅಷ್ಟೇ" ಅನ್ನುವ ಪದದ ಹಿಂದೆ ಎಷ್ಟು ದಿನ ಅಡಗಿ ಕೂತಿದ್ದೆನೋ. ಅವನಿಗೆ ಬರಬೇಕಿದ್ದ ಬಡ್ತಿ ನಿಂತಿತು, ಬೇರೆ ವಿಭಾಗಕ್ಕೆ ಹಾಕಿದರು. ನಾನು ರಾತ್ರಿ ಪ್ರಾರ್ಥನೆಯಲ್ಲಿ ಅತ್ತೆ. ಒಂದೆರಡು ದಿನವಲ್ಲ, ಎರಡು ವರ್ಷ. ಸಭೆಯಲ್ಲಿ ಎದ್ದು ಸಾಕ್ಷಿಯನ್ನೂ ಹೇಳಿದೆ: "ನಾನು ಪಾಪಿಗಳಲ್ಲಿ ಪ್ರಮುಖ, ಕರ್ತನು ಕರುಣಿಸಿದ." ಆಮೇಲೆ ಎಷ್ಟೋ ಜನ ಬಂದು ಕೈಕುಲುಕಿದರು. ಒಬ್ಬ ಹಿರಿಯರು ನನ್ನ ದೀನತೆಯನ್ನು ಹೊಗಳಿದರು.

ಪಾಪಿಗಳಲ್ಲಿ ಪ್ರಮುಖ ಎಂದುಕೊಳ್ಳುವುದು ಬಹಳ ಸುಲಭ. ಅದರಲ್ಲೂ ಒಂದು ಪ್ರಮುಖಸ್ಥಾನ ಇದೆ ನೋಡು. "ಇಂಥ ದಿನ, ಇಂಥ ಕಡತದಲ್ಲಿ, ಇಂಥವನಿಗೆ ನಾನು ಹೀಗೆ ಮಾಡಿದೆ" ಅನ್ನುವಾಗಲೇ ನಾಲಿಗೆ ಒಣಗುವುದು.

ಕೊನೆಗೊಂದು ದಿನ ಅವನ ಬಳಿಗೇ ಹೋದೆ. ಎಲ್ಲ ಹೇಳಿದೆ. ಅವನು ಅಳುತ್ತಾನೆ, ಅಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಮುಗಿಯುತ್ತದೆ ಎಂದು ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದೆ. ಅವನು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ ಮಾತು: "ಇದನ್ನು ಮೇಲಿನವರಿಗೂ ಹೇಳುತ್ತೀರಾ?"

ನಿಜ ಹೇಳಲೇ? ಅದು ನನಗೆ ಹೊಳೆದೇ ಇರಲಿಲ್ಲ. ಎರಡು ವರ್ಷದ ಕಣ್ಣೀರಿನಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಎದೆಯ ಭಾರ ಇಳಿಯಬೇಕೆಂದು ಹೋಗಿದ್ದೆನೇ ಹೊರತು ಅವನ ಮೇಲಿನ ಭಾರ ಇಳಿಸಬೇಕೆಂದಲ್ಲ.

ಆ ರಾತ್ರಿ ಒಂದನೆಯ ಸಮುವೇಲ 15ನೇ ಅಧ್ಯಾಯವನ್ನು ಮತ್ತೆ ಓದಿದೆ. ಎಲ್ಲವನ್ನೂ ನಾಶಮಾಡು ಎಂಬ ದೇವರ ಮಾತನ್ನು ಮೀರಿ ಇಸ್ರಾಯೇಲಿನ ಅರಸ ಸೌಲನು ಶತ್ರುಗಳಾದ ಅಮಾಲೇಕ್ಯರಿಂದ ಒಳ್ಳೊಳ್ಳೆಯ ಕುರಿದನಗಳನ್ನು ಉಳಿಸಿಕೊಂಡು ಬಂದಾಗ ಪ್ರವಾದಿ ಸಮುವೇಲ ಬಂದು ನಿಲ್ಲುತ್ತಾನಲ್ಲ, ಅದು. ಸೌಲನೂ "ನಾನು ಪಾಪಮಾಡಿದ್ದೇನೆ" ಎನ್ನುತ್ತಾನೆ. ಮೊದಲು ಜನರ ಮೇಲೆ ಹಾಕುತ್ತಾನೆ, ಆಮೇಲೆ ಜನರಿಗೆ ಹೆದರಿದೆ ಎನ್ನುತ್ತಾನೆ. 30ನೇ ವಚನದಲ್ಲಿ ಹೊಟ್ಟೆಯೊಳಗಿನದು ಹೊರಗೆ ಬರುತ್ತದೆ: ಪಾಪ ಮಾಡಿದ್ದು ಹೌದು, ಆದರೂ ಜನರ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು. ಆ ವಾಕ್ಯದಲ್ಲಿ ನನ್ನ ಮುಖ ಕಂಡಿತು. ದೇವರ ಮುಂದೆ ಎಷ್ಟು ಬೇಕಾದರೂ ಅಳುತ್ತೇನೆ ಸ್ವಾಮೀ, ಹಿರಿಯರ ಮುಂದೆ ಮಾತ್ರ ಬೇಡ.

ಈಗ ಸೌಲನ ನಂತರ ಅರಸನಾದ ದಾವೀದನನ್ನು ನೋಡು. ಮಾಡಿದ ಪಾಪವನ್ನು ತೂಗಿದರೆ ಸೌಲನದಕ್ಕಿಂತ ಅವನದೇ ಕೆಟ್ಟದ್ದು ಎಂದು ನಮಗನಿಸುತ್ತದೆ. ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿ ಕೊಲ್ಲಿಸಿದ, ಕೊಲ್ಲಿಸುವ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸಿದ. ಪ್ರವಾದಿ ನಾತಾನನು "ಆ ಮನುಷ್ಯನು ನೀನೇ" ಎಂದಾಗ ಅವನು ಕೊಟ್ಟ ಉತ್ತರ ಹೀಬ್ರೂವಿನಲ್ಲಿ ಎರಡೇ ಪದ: ಯೆಹೋವನಿಗೆ ವಿರೋಧವಾಗಿ ಪಾಪಮಾಡಿದ್ದೇನೆ. "ಆದರೂ" ಇಲ್ಲ, "ಅವರು" ಇಲ್ಲ. ಅದಕ್ಕಿಂತ ನನ್ನನ್ನು ಅಲುಗಾಡಿಸಿದ್ದು ಬೈಬಲಿನಲ್ಲಿ ಅವನ ಹೆಸರಿನಲ್ಲಿರುವ 51ನೇ ಕೀರ್ತನೆಯ ಶಿರೋನಾಮೆ. ಕೀರ್ತನೆ ಓದುವಾಗ ನಾವು ಅದನ್ನು ದಾಟಿ ಹೋಗಿಬಿಡುತ್ತೇವೆ. ಅದು ಪ್ರಧಾನಗಾಯಕನ ಕೈಗೆ ಕೊಟ್ಟ ಹಾಡು, ಮತ್ತು ಯಾವಾಗಿನದು ಎಂದರೆ ದಾವೀದನು ಬತ್ಷೆಬೆಯ ಬಳಿಗೆ ಹೋದ ಮೇಲೆ ನಾತಾನನು ಬಂದಾಗಿನದು ಎಂದು ಅಲ್ಲೇ ಬರೆದಿದೆ. ಸೌಲ ಹಿರಿಯರ ಮುಂದೆ ಮುಚ್ಚಿಡು ಎಂದು ಬೇಡಿದ. ದಾವೀದನ ಪಾಪ ಹೆಸರು ಸಮೇತ ಆರಾಧನೆಯ ಹಾಡಿನ ನೆತ್ತಿಯ ಮೇಲೆ ಕೂತಿದೆ.

ಮರುವಾರ ಮೇಲಿನವರಿಗೆ ಬರೆದುಕೊಟ್ಟೆ. ಅದರಿಂದ ಅದ್ಭುತವೇನೂ ನಡೆಯಲಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅವನ ದಾಖಲೆಯನ್ನು ಸರಿಪಡಿಸಿದರು, ಕಳೆದುಹೋದ ವರ್ಷಗಳನ್ನು ಯಾರೂ ತಂದುಕೊಡಲಿಲ್ಲ. ಅವನು ನನ್ನ ಗೆಳೆಯನಾಗಲಿಲ್ಲ. ಎದುರು ಸಿಕ್ಕರೆ ತಲೆಯಾಡಿಸುತ್ತಾನೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ಹಾಗಾದರೆ ಕಳೆದದ್ದನ್ನು ಹಿಂದಿರುಗಿಸುವುದೇ ಮಾನಸಾಂತರ ಎಂದು ಇಷ್ಟು ಓದಿ ತೀರ್ಮಾನಿಸಬೇಡ. ನಾನು ಸ್ವಲ್ಪ ಕಾಲ ಹಾಗೇ ನಂಬಿ, ಹಳೆಯ ತಪ್ಪುಗಳ ಪಟ್ಟಿ ಹಿಡಿದು ಸಾಲ ತೀರಿಸುವವನ ಹಾಗೆ ಓಡಾಡಿದ್ದೂ ಇದೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನೂ ಅದಕ್ಕೆ ಸಿಕ್ಕಿದ್ದ 30 ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿದ. ತಪ್ಪನ್ನೂ ಒಪ್ಪಿಕೊಂಡ, ನಿರಪರಾಧಿಯನ್ನು ಹಿಡಿದುಕೊಟ್ಟೆ ಎಂದ. ಮತ್ತಾಯನ ಸುವಾರ್ತೆ ಅಲ್ಲಿ ಬಳಸುವ ಗ್ರೀಕ್ ಕ್ರಿಯಾಪದ ಮೆಟನೋಯದ್ದಲ್ಲ, ಬೇರೆಯದು, ಮರುಗುವುದಕ್ಕೆ ಹತ್ತಿರವಾದದ್ದು. ಅವನ ಬೇಗೆ ನಿಜವಾದದ್ದೇ. ಅದನ್ನು ಅವನು ಯಾಜಕರ ಬಳಿಗೆ ಒಯ್ದ, ಅವರು ನಮಗೇನು, ನೀನೇ ನೋಡಿಕೋ ಎಂದರು. ಯೇಸುವಿನ ಕಡೆಗೆ ಮಾತ್ರ ಅವನು ತಿರುಗಲಿಲ್ಲ.

ಯೂದ ಹಿಡಿದುಕೊಟ್ಟ ಅದೇ ರಾತ್ರಿ ಇನ್ನೊಬ್ಬ ಶಿಷ್ಯ ಪೇತ್ರನೂ ಬಿದ್ದ, ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದ. ಕೋಳಿ ಕೂಗಿದಾಗ ಕರ್ತನಾದ ಯೇಸು ತಿರುಗಿಕೊಂಡು ಪೇತ್ರನನ್ನು ನೋಡಿದನೆಂದು ಸುವಾರ್ತೆ ಬರೆದವರಲ್ಲಿ ಲೂಕನೊಬ್ಬನೇ ಬರೆಯುತ್ತಾನೆ. ಯಾರು ತಿರುಗಿದ್ದು ನೋಡು! ಪೇತ್ರ ತಿರುಗುವುದಕ್ಕೆ ಮೊದಲೇ ಕರ್ತ ತಿರುಗಿದ್ದ. ಆಮೇಲಿನ ಅಳು ಆ ನೋಟದಿಂದ ಹುಟ್ಟಿದ್ದು. ಯೋಹಾನನ ಸುವಾರ್ತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೇತ್ರ ಅಲ್ಲಗಳೆದದ್ದು ಇದ್ದಲಿನ ಬೆಂಕಿಯ ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳುತ್ತ. ಪುನರುತ್ಥಾನದ ಮೇಲೆ ಸರೋವರದ ದಡದಲ್ಲಿ ಯೇಸು ಹೊತ್ತಿಸಿಟ್ಟದ್ದೂ ಇದ್ದಲಿನ ಬೆಂಕಿಯೇ. ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ. ಮೂರು ಸಲ ಇಲ್ಲವೆಂದವನಿಗೆ ಅದೇ ಬೆಂಕಿಯ ಮುಂದೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ?" ಎಂಬ ಪ್ರಶ್ನೆ. ಮೂರನೆಯ ಸಲಕ್ಕೆ ಪೇತ್ರನಿಗೆ ನೋವಾಯಿತು ಎಂದಿದೆ. ಗಾಯ ಇದ್ದ ಜಾಗವನ್ನೇ ಕರ್ತನು ಮುಟ್ಟಿದ. "ಇನ್ನು ಹಾಗೆ ಮಾಡುವುದಿಲ್ಲವೆಂದು ಆಣೆ ಇಡು" ಎಂದು ಕೇಳಲಿಲ್ಲ ನೋಡು, ಕೇಳಿದ್ದು ಪ್ರೀತಿಯ ಬಗ್ಗೆ. ನಾವಾದರೆ ಆಣೆ ಇಡಿಸಿಕೊಳ್ಳುತ್ತಿದ್ದೆವು.

ನಿನ್ನ ಪ್ರಶ್ನೆಯ ಇನ್ನರ್ಧ ಇರುವುದು ಇಲ್ಲಿಯೇ ಅನಿಸುತ್ತದೆ. ಪ್ರತಿ ಕೂಟದಲ್ಲೂ ನೀನು ಕೊಡುವುದು ಆಣೆ. ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲ ಕರ್ತನೇ ಎಂದು. ಆಣೆಗೆ ಮೂರು ದಿನದ ಆಯುಸ್ಸು. ಆ 51ನೇ ಕೀರ್ತನೆಯಲ್ಲಿ ದಾವೀದ ಬೇಡಿದ್ದು ಬೇರೆ: "ಶುದ್ಧಹೃದಯವನ್ನು ನಿರ್ಮಿಸು." ಅಲ್ಲಿರುವ ಕ್ರಿಯಾಪದ ಆದಿಕಾಂಡದ ಮೊದಲ ವಚನದ್ದು, ದೇವರು ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದ್ದಕ್ಕೆ ಬಳಸಿದ್ದು. ಇದ್ದ ಹೃದಯಕ್ಕೆ ತೇಪೆ ಹಾಕು ಅನ್ನುತ್ತಿಲ್ಲ ಅವನು. ನನ್ನ ಬಳಿ ಅದು ಇಲ್ಲ, ನೀನೇ ಹುಟ್ಟಿಸು ಅನ್ನುತ್ತಿದ್ದಾನೆ. ಸಿಟ್ಟು ಬರದಂತೆ ನೋಡಿಕೊಳ್ಳುತ್ತೇನೆ ಎಂದು ಹಲ್ಲುಕಚ್ಚುವವನಿಗೂ ನನ್ನಲ್ಲಿ ಪ್ರೀತಿಯೇ ಬತ್ತಿದೆ ಎಂದು ಕೈಚಾಚುವವನಿಗೂ ಬಹಳ ದೂರ.

ಅದು ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ ಎಂದು ನಾನು ನಂಬುವುದಿಲ್ಲ. ಸಾಕ್ಷಿ ಹೇಳುವವರು ಎಲ್ಲವನ್ನೂ ಒಂದು ರಾತ್ರಿಗೆ ತುರುಕುತ್ತಾರೆ, ಕೇಳಲು ಚೆನ್ನಾಗಿರುತ್ತದೆ. ಇಂಗ್ಲೆಂಡಿನ ಜಾನ್ ನ್ಯೂಟನ್ನನ ಬದುಕನ್ನು ತೆಗೆದುಕೋ. 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟ. ಆ ದಿನವನ್ನು ಸಾಯುವವರೆಗೂ ನೆನೆದ. ಆದರೆ ಅದಾದ ಮೇಲೆಯೇ ಅವನು ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದದ್ದು. ಮೇಲೆ ಕೋಣೆಯಲ್ಲಿ ಬೈಬಲ್ ಓದುತ್ತಿದ್ದ, ಕೆಳಗೆ ಸಂಕೋಲೆಯಲ್ಲಿ ಮನುಷ್ಯರಿದ್ದರು. 1754ರಲ್ಲಿ ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ, ಮನಸ್ಸಾಕ್ಷಿಯಿಂದಲ್ಲ. 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ, ತನ್ನ ಕೈಯೂ ಅದರಲ್ಲಿತ್ತೆಂದು ಒಪ್ಪಿಕೊಂಡು, ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಗೂ ಈ ತಪ್ಪೊಪ್ಪಿಗೆಗೂ ನಡುವೆ 40 ವರ್ಷ. ಇದನ್ನು ನೆನೆದಾಗ ಧೈರ್ಯ ಬರುವುದಕ್ಕಿಂತ ಹೆಚ್ಚು ಭಯವಾಗುತ್ತದೆ ನನಗೆ. ನನ್ನ ಹಡಗಿನ ಕೆಳ ಅಂತಸ್ತಿನಲ್ಲಿ ಇವತ್ತು ಯಾರಿದ್ದಾರೋ, ಮೇಲೆ ಕೂತು ನಾನು ಯಾವ ವಾಕ್ಯ ಧ್ಯಾನಿಸುತ್ತಿದ್ದೇನೋ.

ಇರಲಿ, ನಿನ್ನ ಮಗನ ವಿಷಯಕ್ಕೆ ಬರುತ್ತೇನೆ. ಪತ್ರವನ್ನು ಮೂರು ಸಲ ಓದಿದೆ. ದೇವರ ಬಳಿ ಕ್ಷಮೆ ಕೇಳಿದೆ ಎಂದು ಐದು ಕಡೆ ಬರೆದಿದ್ದೀಯ, ಹೆಂಡತಿಯ ಬಳಿ ಕೇಳಿದೆ ಎಂದು ಒಂದು ಕಡೆ. ಮಗನ ಬಳಿ ಕೇಳಿದ್ದು ಎಲ್ಲೂ ಇಲ್ಲ. ಮರೆತು ಬಿಟ್ಟದ್ದಲ್ಲ ಎಂದುಕೊಳ್ಳುತ್ತೇನೆ. ತಂದೆಯಾದವನ ಮಾನ ಹೋಗುತ್ತದೆ, ಹುಡುಗ ತಲೆಯ ಮೇಲೆ ಕೂರುತ್ತಾನೆ ಎಂದು ಒಳಗೊಳಗೇ ಲೆಕ್ಕ ಹಾಕಿರುತ್ತೀಯ. ಸೌಲನ ಲೆಕ್ಕ ಅದು. ನನಗೆ ಅದರ ಪರಿಚಯ ಚೆನ್ನಾಗಿದೆ.

ಕುಟುಂಬ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿಕೊಂಡು, ದೇವರಿಗೆ ಹೇಳುವ ನೆಪದಲ್ಲಿ ಮಗನಿಗೆ ಕೇಳಿಸಬೇಡ. ಅಲ್ಲಿ ಅವನು ಆಮೆನ್ ಅನ್ನಬೇಕೇ ಹೊರತು ಬೇರೇನೂ ಹೇಳುವಂತಿಲ್ಲ. ಕಣ್ಣು ತೆರೆದುಕೊಂಡು, ಅವನ ಎತ್ತರಕ್ಕೆ ಕೂತು, ಅವತ್ತು ಆಡಿದ ಮಾತನ್ನೇ ಎತ್ತಿ ಹೇಳು: ಆ ಮಾತು ತಪ್ಪು, ಅದು ನಿನ್ನ ಬಗ್ಗೆ ನಿಜವೂ ಅಲ್ಲ. "ನೀನೂ ಹಾಗೆ ಮಾಡಬಾರದಿತ್ತು" ಎಂದು ಬಾಲ ಅಂಟಿಸಬೇಡ. ಆಮೇಲೆ ಸುಮ್ಮನಿರು. ಅವನು ಅಪ್ಪಿಕೊಳ್ಳಬಹುದು, ಆಟಕ್ಕೆ ಎದ್ದು ಹೋಗಬಹುದು, ನನ್ನ ಆ ಹುಡುಗನ ಹಾಗೆ ನೀನು ಎಣಿಸದ ಪ್ರಶ್ನೆಯೊಂದನ್ನು ಕೇಳಬಹುದು. ಕೇಳಿದರೆ ಅದಕ್ಕೆ ಉತ್ತರ ಕೊಡು, ಪ್ರಾರ್ಥನೆಗೆ ಓಡಬೇಡ.

ಮತ್ತೆ ಸಿಟ್ಟು ಬರುತ್ತದೆ. ಬಂದಾಗ ಮತ್ತೆ ಹೋಗಿ ಕೂರು. ಮುಂದಿನ ಉಪವಾಸ ಕೂಟದವರೆಗೆ ಕಾಯಬೇಡ.

ನಿನಗಾಗಿ ದಿನಾ ಬೆಳಿಗ್ಗೆ ಪ್ರಾರ್ಥಿಸುತ್ತಿದ್ದೇನೆ, ಇದು ಪತ್ರದ ಕೊನೆಯಲ್ಲಿ ಬರೆಯುವ ವಾಡಿಕೆಯ ಮಾತಲ್ಲ. ನೀನೂ ನನಗಾಗಿ ಪ್ರಾರ್ಥಿಸು, ಆ ಕೆಳ ಅಂತಸ್ತಿನ ವಿಷಯಕ್ಕೆ. ಮಗನ ಜೊತೆ ಮಾತಾಡಿದ ಮೇಲೆ ಬರೆ. ಮಾತಾಡಲು ಆಗದೇ ಹೋದರೂ ಬರೆ.

ನಿನ್ನ,
ಹಳೆಯ ಗೆಳೆಯ