ಮಗಳಿಗೊಂದು ಪತ್ರ: ಡ್ರಾಯರಿನಲ್ಲಿ ಉಳಿದ ಕೀಲಿ

ಮಾಟುಂಗಾ, ಮುಂಬಯಿ
ಮಾರ್ಚ್ 11

ಚಿ. ಮೇಧಾಳಿಗೆ ಅವ್ವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಅಪ್ಪನ ಮೊಣಕಾಲು ನೋವು ಇದ್ದಷ್ಟೇ ಇದೆ, ಹೆಚ್ಚಿಲ್ಲ. ನೈರೋಬಿಗೆ ಹೊರಡುವ ಹಿಂದಿನ ರಾತ್ರಿ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಆಗ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ಚೀಲ ತುಂಬುವ ಗಡಿಬಿಡಿಯ ನೆಪ ಹೇಳಿ ಜಾರಿಕೊಂಡೆ. ತಾನ್ಸಾ, ಭಾತ್ಸಾ, ಮೋಡಕ್ ಸಾಗರಗಳ ನೀರನ್ನು ನಾವು ಮುಂಬಯಿಯವರು ದಿನವೂ ಕುಡಿಯುತ್ತೇವೆ, ಆ ಅಣೆಕಟ್ಟುಗಳಿರುವ ಶಹಾಪುರ ತಾಲ್ಲೂಕಿನ ಹೆಂಗಸರು ಏಪ್ರಿಲ್ ಬಂತೆಂದರೆ ಟ್ಯಾಂಕರಿಗೆ ಕಾದು ನಿಲ್ಲುತ್ತಾರೆ, ಹೀಗಿರುವಾಗ ನೀರಿನ ಯೋಜನೆ ನೋಡುವುದಕ್ಕೆ ಆಫ್ರಿಕಾಕ್ಕೆ ಏಕೆ ಹೋಗಬೇಕು ಅವ್ವಾ ಎಂದು ಕೇಳಿದ್ದೆ. ಪತ್ರದಲ್ಲಾದರೆ ನಡುವೆ ಬಾಯಿ ಹಾಕುವುದಕ್ಕೆ ನಿನಗೂ ಆಗುವುದಿಲ್ಲ, ಜಾರಿಕೊಳ್ಳುವುದಕ್ಕೆ ನನಗೂ ಆಗುವುದಿಲ್ಲ ಎಂದು ಬರೆಯಲು ಕುಳಿತಿದ್ದೇನೆ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ಹೋದ ಹನ್ನೊಂದು ಜನರೂ ಟಿಕೆಟ್ಟು, ವಸತಿ, ಹಳದಿ ಜ್ವರದ ಲಸಿಕೆಯವರೆಗೆ ಎಲ್ಲವನ್ನೂ ಸ್ವಂತ ಕಿಸೆಯಿಂದ ಭರಿಸಿದೆವು. ನಮ್ಮ ರೋಟರಿ ಕ್ಲಬ್ಬಿನ ಸೇವಾನಿಧಿಯನ್ನು ಮುಟ್ಟಲಿಲ್ಲ. ಆದರೆ ನಿನ್ನ ಆಕ್ಷೇಪ ಅದಲ್ಲವೆಂದು ನನಗೆ ಗೊತ್ತು. ಸ್ವಂತ ದುಡ್ಡೇ ಆದರೂ ಅದು ಶಹಾಪುರಕ್ಕೆ ಹೋಗಬಹುದಿತ್ತಲ್ಲ ಎಂಬುದು ನಿನ್ನ ವಾದ, ಮತ್ತು ಅದನ್ನು ಪೂರ್ತಿಯಾಗಿ ತಳ್ಳಿಹಾಕುವ ಉತ್ತರ ನನ್ನ ಬಳಿ ಈಗಲೂ ಇಲ್ಲ.

ನಿನ್ನ ಈ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ನಿನ್ನ ಬಾಯಿಂದಲ್ಲ. 1995ರ ಡಿಸೆಂಬರ್ 9ರಂದು ದೇಶದಲ್ಲಿ ಮೊದಲ ಪಲ್ಸ್ ಪೋಲಿಯೊ ದಿನ ನಡೆದಾಗ ನೀನು ಒಂದು ವರ್ಷದ ಕೂಸು. ಆಗ ನಾನು ರೋಟರಿಯ ಸದಸ್ಯೆಯೂ ಅಲ್ಲ. ನಿಮ್ಮ ಅಪ್ಪ ರೋಟೇರಿಯನ್, ಹೆಂಡತಿಯಾಗಿ ನಾನು ಅವರ 'ಆನ್', ಮಗಳಾಗಿ ನೀನು 'ಆನೆಟ್', ರೋಟರಿಯವರು ಕರೆಯುತ್ತಿದ್ದುದೇ ಹಾಗೆ. (1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಆರಂಭಿಸಿದ ಈ ಸಂಸ್ಥೆ ಹೆಂಗಸರಿಗೆ ಬಾಗಿಲು ತೆರೆದದ್ದು 1989ರಲ್ಲಿ, ಅದೂ ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು ಮೂವರು ಹೆಂಗಸರನ್ನು ಸೇರಿಸಿಕೊಂಡು, ಹೊರಹಾಕಿಸಿಕೊಂಡು, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1987ರಲ್ಲಿ ಗೆದ್ದ ಮೇಲೆ. ನಮ್ಮ ಕಡೆಯ ಗಂಡಸರಿಗೆ ಆ ಸುದ್ದಿ ತಲುಪಲು ಇನ್ನೂ ಹತ್ತು ವರ್ಷ ಹಿಡಿಯಿತು, ಆ ಮಾತು ಬೇರೆ.) ಆನ್‌ಗಳಾದ ನಮಗೆ ಭಾಷಣದ ಕೆಲಸ ಇರಲಿಲ್ಲವಾದ್ದರಿಂದ ಬೀದಿಯ ಕೆಲಸ ಸಿಕ್ಕಿತು. ವರ್ಷಗಟ್ಟಲೆ ಗೋವಂಡಿಯ ಬೈಂಗನ್‌ವಾಡಿಯ ಗಲ್ಲಿಗಳಲ್ಲಿ ತಿರುಗಿದೆ. ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ, ಕೆಲಸ ಮುಗಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ', ಮಗು ತಪ್ಪಿದ ಮನೆಗೆ 'ಎಕ್ಸ್'. 'ಎಕ್ಸ್' ಮನೆಗಳಿಗೆ ಮರುದಿನ ಮತ್ತೆ ಹೋಗಬೇಕು.

ಅಂಥ ಒಂದು ಭಾನುವಾರ ಇಂಗ್ಲೆಂಡಿನಿಂದ ಏಳೆಂಟು ಜನ ರೋಟೇರಿಯನ್ನರು ಬಂದಿದ್ದರು, ಅವರೂ ಸ್ವಂತ ಖರ್ಚಿನಲ್ಲಿ. ಬಾಗಿಲಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಅವರನ್ನು ದಿಟ್ಟಿಸಿ ನೋಡಿ, ಇವರ ಊರಿನಲ್ಲಿ ಬಡವರಿಲ್ಲವೇ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ನಾನು ನಕ್ಕು ಸುಮ್ಮನಾದೆ. ಬಂದವರಲ್ಲಿ ಬಹಳ ಜನ ಶಾಯಿ ಹಚ್ಚಿದ ಬೆರಳುಗಳ ಫೋಟೋ ತೆಗೆಯುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಲಸಿಕೆಯ ಐಸ್ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಮ್ಮೊಂದಿಗೆ ಮಧ್ಯಾಹ್ನದವರೆಗೆ ನಡೆದರು. ಸೀಸೆಯ ಮೇಲಿನ ಗುರುತು, ಅಂದರೆ ವೃತ್ತದೊಳಗಿನ ಚೌಕ, ಬಿಸಿ ತಾಗಿ ಬಣ್ಣ ಗಾಢವಾಗುತ್ತ ವೃತ್ತದ ಬಣ್ಣಕ್ಕೇ ಬಂದಾಗ ಆ ಲಸಿಕೆಯನ್ನು ಬಿಸಾಡಬೇಕೆಂಬುದು ಅವರಿಗೆ ಗೊತ್ತಿತ್ತು. ಅವರು ಕೇಳಿದ್ದು ಇಷ್ಟೇ: ಬಿಸಾಡಬೇಕೆಂದು ಇಲ್ಲಿ ಯಾರು ತೀರ್ಮಾನಿಸುತ್ತಾರೆ? ನಾನು ಅಂಗನವಾಡಿ ಕಾರ್ಯಕರ್ತೆಯನ್ನು ತೋರಿಸಿದೆ. ಅವರು ಆ ಕಾರ್ಯಕರ್ತೆಯ ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಅದನ್ನೇ ಕುರಿತು ಮಾತಾಡಿಸಿದರು. ಹೌರಾ ಜಿಲ್ಲೆಯ ಒಂದು ಹೆಣ್ಣು ಮಗುವಿಗೆ 2011ರ ಜನವರಿ 13ರಂದು ಕಾಣಿಸಿಕೊಂಡದ್ದೇ ದೇಶದ ಕೊನೆಯ ವೈಲ್ಡ್ (ನೈಸರ್ಗಿಕ ವೈರಸ್ಸಿನ) ಪೋಲಿಯೊ ಪ್ರಕರಣವಾಯಿತು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತವೆಂಬ ಪ್ರಮಾಣಪತ್ರವೂ ಬಂತು. ಅಂದು ದೆಹಲಿಯ ಸಮಾರಂಭವನ್ನು ಟೀವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು ಆ ಹೆಂಗಸಿನ ಪ್ರಶ್ನೆಯೇ. ನೋಡಲು ಬಂದವರಲ್ಲಿಯೂ ಎರಡು ಬಗೆಯವರಿರುತ್ತಾರೆ ಎಂಬುದನ್ನು ನಾನು ನೋಡಿಸಿಕೊಳ್ಳುವವರ ಸಾಲಿನಲ್ಲಿ ನಿಂತೇ ಕಲಿತಿದ್ದೆ.

ಹಾಗಿದ್ದರೂ ಕೀನ್ಯಾದ ಮೊದಲ ಎರಡು ದಿನ ನಾನು ಫೋಟೋ ತೆಗೆಯುವವರ ಸಾಲಿನಲ್ಲಿಯೇ ಇದ್ದೆ. ನೈರೋಬಿಯ ಊಟ, ಧ್ವಜಗಳ ವಿನಿಮಯ, ಅಲ್ಲಿನ ಗುಜರಾತಿಗಳ ಮನೆಯ ಕಢಿ, ಇವೆಲ್ಲ ನಿನಗೆ ಬೇಡ. ಎರಡನೆಯ ದಿನ ಒಂದು ಶಾಲೆಗೆ ಹೋದೆವು. ನಮ್ಮ ವ್ಯಾನು ತಲುಪಿದಾಗ ಎರಡು ಗಂಟೆ ತಡವಾಗಿತ್ತು. ಮಕ್ಕಳು ಅಷ್ಟು ಹೊತ್ತೂ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಹಾಡು ಹೇಳಿದರು, ನಮಗೆ ಬಣ್ಣದ ಬಟ್ಟೆ ಹೊದಿಸಿದರು. ತಂಡದ ಮುಖ್ಯಸ್ಥೆಯೆಂದು ನಾನು ನಾಲ್ಕು ಮಾತಾಡಿದೆ. ಮುಂದಿನ ಸಾಲಿನ ಒಬ್ಬ ಹುಡುಗ ಒಂದು ಕಾಲನ್ನು ಇನ್ನೊಂದು ಕಾಲಿನ ಹಿಂದೆ ಉಜ್ಜಿಕೊಳ್ಳುತ್ತಿದ್ದ, ನೆಲ ಸುಡುತ್ತಿತ್ತು. ನಾನು ಅದನ್ನು ಗಮನಿಸಿಯೂ ಭಾಷಣದ ಕೊನೆಯ ಎರಡು ವಾಕ್ಯಗಳನ್ನು ಬಿಡಲಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆತಿಥೇಯ ಕ್ಲಬ್ಬಿನವರಿಗೆ, ಇನ್ನು ಮುಂದೆ ಎಲ್ಲಿಯೂ ಸ್ವಾಗತ ಸಮಾರಂಭ ಬೇಡ, ಶಾಲೆಯ ಹೊತ್ತಿನಲ್ಲಿ ಮಕ್ಕಳನ್ನು ಹೊರಗೆ ಕರೆಯುವುದಂತೂ ಬೇಡವೇ ಬೇಡ ಎಂದು ಹೇಳಿದೆ. ಅವರಿಗೆ ಸ್ವಲ್ಪ ಬೇಸರವಾಯಿತು. ನಮ್ಮ ತಂಡದ ಇಬ್ಬರಿಗೂ ಆಯಿತು.

ಮೂರನೆಯ ದಿನ ಮಚಾಕೋಸ್ ಕಡೆಗೆ ಹೊರಟಾಗ ದಾರಿಯಲ್ಲಿ ಒಂದು ಹಳ್ಳಿಯಲ್ಲಿ ವ್ಯಾನು ನಿಂತಿತು. ಅಲ್ಲಿ ಒಂದು ಕೈಪಂಪು ಇತ್ತು, ಮತ್ತು ಅದನ್ನು ನೋಡಿ ನನ್ನ ಎದೆ ಒಂದು ಕ್ಷಣ ಜಗ್ಗಿತು: ನಮ್ಮೂರ ಗುಡಿಯ ಮುಂದಿನ 'ಬೋರಿಂಗ್', ಅದೇ ಉದ್ದನೆಯ ಹಿಡಿ, ಅದೇ ಚೌಕಾಕಾರದ ತಲೆ. ಇಂಡಿಯಾ ಮಾರ್ಕ್ 2 ಎಂದು ಅದರ ಹೆಸರು. ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಊರಿನಿಂದ ಅಷ್ಟೇನೂ ದೂರವಲ್ಲದ ಸೊಲ್ಲಾಪುರದಲ್ಲಿ ತಯಾರಾಗುತ್ತಿದ್ದ ಪಂಪಿನ ವಿನ್ಯಾಸವನ್ನೇ ತಿದ್ದಿ, 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪಿಸಿದ ಪಂಪು ಅದು. ಅಲ್ಲಿಂದ ಆಫ್ರಿಕಾದ ಎಷ್ಟೋ ಹಳ್ಳಿಗಳಿಗೆ ಹೋಗಿದೆ. ನಾನು ಹಿಡಿ ಒತ್ತಿದೆ. ಹಗುರಾಗಿ ಕೆಳಗೆ ಹೋಯಿತು, ನೀರು ಬರಲಿಲ್ಲ. ಬುಡದ ಸಿಮೆಂಟು ಕಟ್ಟೆಯಲ್ಲಿ ದಾನಿಗಳ ಹೆಸರಿನ ಫಲಕ ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತು ಮಾತ್ರ ಉಳಿದಿದ್ದವು. ಆ ಪಂಪಿನ ಒಳಗಿನ ಸಣ್ಣ ಚರ್ಮದ ವಾಷರು ಸವೆದರೂ ಭೂಮಿಯೊಳಗಿನ ಕಬ್ಬಿಣದ ಕೊಳವೆಯನ್ನೆಲ್ಲ ಮೇಲೆತ್ತಬೇಕಾಗುತ್ತದೆ. ಅದಕ್ಕೆ ಮೂರು ನಾಲ್ಕು ಜನ ಬೇಕು, ಸಲಕರಣೆ ಬೇಕು, ಅವರನ್ನು ಕರೆತರುವ ಗಾಡಿ ಬೇಕು. ನಮ್ಮೂರಿನಲ್ಲಿಯೂ ಬೋರಿಂಗ್ ಕೆಟ್ಟರೆ ತಾಲ್ಲೂಕಿನಿಂದ ಜೀಪು ಬರುವವರೆಗೆ ನಿನ್ನ ಅಜ್ಜಿ ಭೀಮಾ ನದಿಗೇ ಹೋಗುತ್ತಿದ್ದರು.

ಇದೇ ತೊಂದರೆಯನ್ನು ನೋಡಿ ಮಲಾವಿ ಮತ್ತು ಕೀನ್ಯಾದಲ್ಲಿ 1980ರ ದಶಕದಲ್ಲಿ ಆಫ್ರಿಡೆವ್ ಎಂಬ ಬೇರೆ ಪಂಪನ್ನು ರೂಪಿಸಿದರು. ಅದರ ಕೊಳವೆ ಪ್ಲಾಸ್ಟಿಕ್ಕಿನದು, ಕೊಳವೆಯನ್ನು ಎತ್ತದೆಯೇ ಒಳಗಿನ ಪಿಸ್ಟನ್ನನ್ನು ಮೇಲಕ್ಕೆ ಎಳೆಯಬಹುದು, ಮತ್ತು ಅದನ್ನೆಲ್ಲ ಬಿಚ್ಚಿ ಜೋಡಿಸಲು ಒಂದೇ ಒಂದು ಪಾನಾ ಸಾಕು. ಮುಂದಿನ ಊರಿನಲ್ಲಿ ಅಂಥ ಪಂಪು ಇತ್ತು. ಅಲ್ಲಿನ ನೀರಿನ ಸಮಿತಿಯ ಖಜಾಂಚಿ, ನನ್ನ ವಯಸ್ಸಿನವರೇ, ಅವರು ಪಾನಾವನ್ನು ಅಡಿಗೆಮನೆಯ ತಗಡಿನ ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿದ್ದರು. ಪಂಪನ್ನು ಯಾರು ಕೊಟ್ಟರು ಎಂದು ನಮ್ಮವರೊಬ್ಬರು ಕೇಳಿದರು. ಆಕೆ ಸ್ವಲ್ಪ ಯೋಚಿಸಿ, ನೆನಪಿಲ್ಲ ಎಂದರು. ಎರಡು ವರ್ಷಗಳ ಹಿಂದೆ ಸೀಲು ಬದಲಿಸಿದ್ದು ಯಾವ ತಿಂಗಳು, ಅದಕ್ಕೆ ಎಷ್ಟು ಶಿಲ್ಲಿಂಗ್ ಬಿತ್ತು, ಯಾವ ಮನೆಯವರು ಇನ್ನೂ ಕೊಟ್ಟಿಲ್ಲ, ಇದೆಲ್ಲ ಬಾಯಿಪಾಠವಿತ್ತು. ಚಂದಾ ಎಂ-ಪೇಸಾ ಎಂಬ ಹಣ ಕಳಿಸುವ ಸೇವೆಯ ಮೂಲಕ ಮೊಬೈಲಿಗೇ ಬರುತ್ತದೆ. ಆ ದೇಶದಲ್ಲಿ 2007ರಿಂದಲೇ ಅದು ಇದೆ.

ನಾನು ನೋಡಬೇಕೆಂದು ಹೋದದ್ದು ಮರಳಿನ ಅಣೆಕಟ್ಟನ್ನು. ಅದನ್ನು ಕಂಡಾಗ ನನಗೆ ಪರದೇಶದಲ್ಲಿದ್ದೇನೆ ಎನಿಸಲಿಲ್ಲ. ಬೇಸಿಗೆಯಲ್ಲಿ ಭೀಮೆಯ ಉಸುಕಿನಲ್ಲಿ ನಾವು ಒರತೆ ತೋಡುತ್ತಿದ್ದುದನ್ನು ನಿನಗೆ ಎಷ್ಟು ಸಲ ಹೇಳಿದ್ದೇನೆ. ಮೊಣಕೈಯವರೆಗೆ ಉಸುಕು ಬಗೆದು, ಮೊದಲು ಬರುವ ಕದಡಿದ ನೀರನ್ನು ಚರಿಗೆಯಿಂದ ಎತ್ತಿ ಚೆಲ್ಲಿ, ಮತ್ತೆ ತಿಳಿಯಾಗಿ ಊರುವವರೆಗೆ ಕುಕ್ಕರಗಾಲಿನಲ್ಲಿ ಕುಳಿತು ಕಾಯುವುದು. ಎಪ್ಪತ್ತೆರಡರ ಬರದಲ್ಲಿ ನನಗೆ ಹತ್ತು ವರ್ಷ. ಒಂದು ಕೊಡ ತುಂಬಲು ಬೆಳಗು ಕಳೆಯುತ್ತಿತ್ತು. ಮಚಾಕೋಸಿನ ಜನ ಮಾಡಿರುವುದು ಇದನ್ನೇ, ಆದರೆ ಯೋಜನೆ ಹಾಕಿ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೆ ಅಡ್ಡಲಾಗಿ, ಕೆಳಗೆ ಗಟ್ಟಿ ಬಂಡೆ ಸಿಗುವ ಜಾಗದಲ್ಲಿ ಗೋಡೆ ಕಟ್ಟುತ್ತಾರೆ. ನೆರೆ ತರುವ ಹೂಳು ಗೋಡೆಯ ಮೇಲಿನಿಂದ ಹರಿದು ಹೋಗುತ್ತದೆ, ಭಾರದ ಮರಳು ಹಿಂದೆ ಉಳಿಯುತ್ತದೆ. ಒಂದೆರಡು ಅಥವಾ ಮೂರು ಮಳೆಗಾಲದಲ್ಲಿ ಗೋಡೆಯ ಎತ್ತರಕ್ಕೆ ಮರಳು ತುಂಬಿದರೆ, ಆ ಮರಳಿನ ಶೇ 25ರಿಂದ 40ರಷ್ಟು ಜಾಗದಲ್ಲಿ ನೀರು ನಿಲ್ಲುತ್ತದೆ. ಮೇಲೆ ನೋಡಿದರೆ ಒಣ ಹಳ್ಳ. ಬಿಸಿಲು ನೀರನ್ನು ಕುಡಿಯಲಾರದು, ಸೊಳ್ಳೆ ಮೊಟ್ಟೆ ಇಡಲಾರದು, ಮರಳೇ ಸೋಸಿ ಕೊಡುತ್ತದೆ.

ಅಲ್ಲಿನ ಕಾಂಬಾ ಜನರಲ್ಲಿ ಎಲ್ಲರೂ ಕೂಡಿ ದುಡಿಯುವ 'ಮ್ವೇತ್ಯ' ಎಂಬ ಪದ್ಧತಿ ಇದೆ, ನಮ್ಮ ಕಡೆಯ ಮುಯ್ಯಾಳಿನ ಹಾಗೆ. ಕಲ್ಲು ಹೊತ್ತದ್ದು, ನೀರು ಹೊತ್ತದ್ದು, ಬುನಾದಿ ತೋಡಿದ್ದು ಎಲ್ಲವೂ ಊರಿನವರು, ಹೆಚ್ಚಾಗಿ ಹೆಂಗಸರು. ಹೊರಗಿನಿಂದ ಬಂದದ್ದು ಸಿಮೆಂಟು, ಕಬ್ಬಿಣ ಮತ್ತು ಒಬ್ಬ ಎಂಜಿನಿಯರ್. ನಾನು ಚಪ್ಪಲಿ ಕಳಚಿ ಮರಳಿಗಿಳಿದು ಅಲ್ಲಿನ ಹೆಂಗಸರ ಜೊತೆ ತೋಡತೊಡಗಿದಾಗ ಅವರು ನಗುತ್ತಿದ್ದರು. ಮೊದಲ ಕೆಂಪು ನೀರನ್ನು ನಾನು ಯಾರೂ ಹೇಳದೆಯೇ ಎತ್ತಿ ಹೊರಗೆ ಚೆಲ್ಲಿದೆ. ಅವರ ನಗು ನಿಂತಿತು. ಒಬ್ಬಾಕೆ ಏನೋ ಕೇಳಿದಳು. ದುಭಾಷಿಯಾಗಿದ್ದ ಹುಡುಗ, ನಿಮ್ಮ ಊರಿನಲ್ಲಿಯೂ ಹೀಗೆಯೇ ಮಾಡುತ್ತೀರಾ ಎಂದು ಕೇಳುತ್ತಿದ್ದಾಳೆ ಎಂದ. ಆ ಪ್ರವಾಸದಲ್ಲಿ ನನಗೆ ಕಾರ್ಯಕ್ರಮ ಪಟ್ಟಿಯ ಹಂಗಿಲ್ಲದೆ ಮಾತಾಡಲು ಸಿಕ್ಕ ಒಂದು ಗಂಟೆ ಅದು.

ಸಂಜೆ, ಅಣೆಕಟ್ಟು ಕಟ್ಟಿದ ಊರಿನವರ ಸಂಘದ ಅಧ್ಯಕ್ಷೆ ನನ್ನನ್ನು ನೇರವಾಗಿ ಕೇಳಿದರು: ನೀವು ನಿಮ್ಮ ದೇಶದಲ್ಲಿ ಕಟ್ಟಿದ್ದು ಈಗ ಹೇಗೆ ನಡೆಯುತ್ತಿದೆ?

ಮೇಧಾ, ನನಗೆ ಸುಳ್ಳು ಹೇಳುವುದು ಸುಲಭವಿತ್ತು. ಶಹಾಪುರದ ಆ ಪಾಡಾದಲ್ಲಿ (ಸಣ್ಣ ಹಟ್ಟಿಯಲ್ಲಿ) ನಾವು ಹಾಕಿಸಿದ ಸೌರ ಪಂಪು, 5,000 ಲೀಟರಿನ ಟಾಕಿ, ಆರು ನಲ್ಲಿ, ಉದ್ಘಾಟನೆಯ ದಿನ ನೀನೂ ಬಂದಿದ್ದೆ. ಎರಡನೆಯ ವರ್ಷದಲ್ಲಿಯೇ ಅದು ನಿಂತಿತು ಎಂಬುದನ್ನು ನಾನು ನಿನಗೆ ಹೇಳಿರಲಿಲ್ಲ, ಕ್ಲಬ್ಬಿನ ವಾರ್ಷಿಕ ವರದಿಯಲ್ಲಿಯೂ ಬರೆಯಲಿಲ್ಲ. ಕಂಟ್ರೋಲರ್ ಸುಟ್ಟಿತ್ತಂತೆ. ಪಾಡಾದವರು ಪೆಟ್ಟಿಗೆ ತೆರೆದು ನೋಡೋಣವೆಂದರೆ ಅದಕ್ಕೆ ಬೀಗ. ಬೀಗದ ಕೀಲಿ ಕಳುವಾಗದಿರಲಿ ಎಂದು ನಾವು ಮುಂಬಯಿಗೆ ತಂದಿದ್ದೆವು. ಅದು ಎಲ್ಲಿತ್ತು ಗೊತ್ತೇ? ನನ್ನ ಮೇಜಿನ ಡ್ರಾಯರಿನಲ್ಲಿ, ಕೆಂಪು ಪಟ್ಟಿ ಕಟ್ಟಿಕೊಂಡು. ಆ ಯೋಜನೆಯ ಜವಾಬ್ದಾರಿ ಹೊತ್ತವಳು ನಾನೇ, ಆದ್ದರಿಂದ ಆ ತಪ್ಪನ್ನು ಯಾರ ತಲೆಗೂ ಕಟ್ಟುವಂತಿಲ್ಲ. ಇದಿಷ್ಟನ್ನೂ ಆ ಅಧ್ಯಕ್ಷೆಗೆ ಹೇಳಿದೆ. ದುಭಾಷಿ ಹುಡುಗ ಕೀಲಿಯ ಮಾತಿಗೆ ಬಂದಾಗ ಸ್ವಲ್ಪ ತಡವರಿಸಿದ. ಆಕೆ ಸಮಾಧಾನವನ್ನೇನೂ ಹೇಳಲಿಲ್ಲ. ಹಾಗಾದರೆ ಮೊದಲು ಕೀಲಿ ಕೊಟ್ಟು ಬನ್ನಿ ಎಂದರು.

ನಿನ್ನ ಪ್ರಶ್ನೆಗೆ ನನಗಿರುವುದು ಇಷ್ಟೇ. ಶಹಾಪುರಕ್ಕೆ ಇಲ್ಲಿಂದ ಲೋಕಲ್ಲಿನಲ್ಲಿ ಹೋಗಿ ಅದೇ ದಿನ ಬರಬಹುದು, ಆದರೆ ಎರಡು ವರ್ಷ ನಾನು ಹೋಗಲಿಲ್ಲ. ಅಲ್ಲಿನ ಯಾರೂ ನನ್ನನ್ನು ಹಾಗೆ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ, ಏಕೆಂದರೆ ಅವರ ಪಾಲಿಗೆ ನಾನು ಕೊಡುವವಳು. ಕೀನ್ಯಾದ ಆ ಅಧ್ಯಕ್ಷೆಗೆ ನನ್ನಿಂದ ಏನೂ ಬೇಕಾಗಿರಲಿಲ್ಲ.

ಹೋದ ವಾರ ಪಾಡಾದವರಿಗೆ ಫೋನು ಮಾಡಿದೆ. ಈ 22ರಂದು ಬೆಳಿಗ್ಗೆ ಅಲ್ಲಿನ ಹೆಂಗಸರು ಕೂಡುತ್ತಾರೆ. ಈ ಸಲ ಫಲಕ, ಶಾಲು, ತೆಂಗಿನಕಾಯಿ ಏನೂ ಇಲ್ಲ. ಕ್ಲಬ್ಬಿನಿಂದ ನಾನು ಮತ್ತು ಖಜಾಂಚಿ ಇಬ್ಬರೇ. ಪೆಟ್ಟಿಗೆ ತೆರೆಯಲು ನಿಮ್ಮ ಅಪ್ಪ ಬರುತ್ತೇನೆಂದು ಹಟ ಹಿಡಿದಿದ್ದಾರೆ, ಮೂವತ್ತು ವರ್ಷ ಕಾರ್ಖಾನೆಯಲ್ಲಿ ಅದನ್ನೇ ಮಾಡಿದವರನ್ನು ಬೇಡವೆನ್ನಲು ಆಗುವುದಿಲ್ಲ. ಅವರ ಪಾನಾ ಸೆಟ್ಟು ಮತ್ತು ಮಲ್ಟಿಮೀಟರು ನಿನ್ನ ಪುಣೆಯ ಮನೆಯಲ್ಲಿವೆ, ಪುಸ್ತಕದ ಕಪಾಟು ಜೋಡಿಸಲು ಒಯ್ದದ್ದು. ಅವನ್ನು ತೆಗೆದುಕೊಂಡು ಬಾ. ಕಲ್ಯಾಣದಲ್ಲಿಯೇ ಇಳಿದುಕೋ, ಅಲ್ಲಿಂದ ಕಸಾರಾ ಲೋಕಲ್ಲಿನಲ್ಲಿ ಆಸನಗಾಂವ್‌ಗೆ ಕೂಡಿಯೇ ಹೋಗೋಣ. ಕೀಲಿ ನನ್ನ ಪರ್ಸಿನಲ್ಲಿದೆ.

ನಿನ್ನ
ಅವ್ವ