ಮಧ್ಯಾಹ್ನ ಮೂರರ ತೂಕಡಿಕೆ

ಧಾರವಾಡ
17 ಆಗಸ್ಟ್ 2025, ಭಾನುವಾರ

ಪ್ರೀತಿಯ ದೋಸ್ತ,

ಮಂಗಳವಾರ ರಾತ್ರಿ ನೀನು ಫೋನ್ ಮಾಡಿ ಕೇಳಿದೆಯಲ್ಲ, "ಸಂಕಷ್ಟಿ ಹಿಡಿದೇನಿ, ಆದರ ಮಧ್ಯಾಹ್ನ ಮೂರಕ್ಕ ಕಣ್ಣ ಮುಚ್ಚಿ ಬರ್ತಾವಲೇ, ನೀ ಆಫೀಸಿನ್ಯಾಗ ಹೆಂಗ ತಡಕೋತೀ?" ಅಂತ. ಆಗ ಮಾಳಿಗೆ ಮೇಲೆ ನಿಂತಿದ್ದೆ. ಮೋಡದಲ್ಲಿ ಚಂದ್ರನನ್ನು ಹುಡುಕುತ್ತಿದ್ದೇನೆ, ಆಮೇಲೆ ಹೇಳುತ್ತೇನೆ ಅಂದು ಫೋನ್ ಇಟ್ಟೆ. ಹುಡುಕುತ್ತಿದ್ದದ್ದು ಖರೆ. ಆದರೆ ಆವತ್ತು ಉಪವಾಸದ ಬಗ್ಗೆ ಯಾರಿಗೂ ಬುದ್ಧಿ ಹೇಳುವ ಮನಸ್ಸಿರಲಿಲ್ಲ.

ಎಲ್ಲರೂ ಓದುವ ಕಡೆ ಇದನ್ನು ಹಾಕುತ್ತಿದ್ದೇನೆ, ಬೇಜಾರಾಗಬೇಡ. ಉಪವಾಸ ಹಿಡಿದು ಕೆಲಸಕ್ಕೆ ಹೋಗುವವರು ನಾವಿಬ್ಬರೇ ಅಲ್ವಲ್ಲ. ಹಳದಿ ಛತ್ರಿಯ ವಿಷಯ ತೆಗೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ಮೊದಲು ನಿನ್ನ ತೂಕಡಿಕೆ. ನೀನು ಹನ್ನೆರಡೂವರೆಗೆ ಡಬ್ಬಿ ತುಂಬ ಸಾಬೂದಾನಿ ಖಿಚಡಿ ತಿನ್ನುತ್ತೀ, ಹೌದಲ್ಲ? ನಾನೂ ಹಾಗೇ ಮಾಡುತ್ತಿದ್ದೆ. ಸಾಬೂದಾನಿ ಅಂದರೆ ಮರಗೆಣಸಿನ ಹಿಟ್ಟು. ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಇಲ್ಲ. ತಿಂದ ಕೂಡಲೇ ಹೊಟ್ಟೆ ಗಟ್ಟಿ ಅನಿಸುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಏರಿದ್ದು ಇಳಿಯುವಾಗ ರೆಪ್ಪೆ ಭಾರವಾಗುತ್ತವೆ. ಮೇಲಿಂದ ಎಣ್ಣೆ ಬೇರೆ. ಈಗ ನಾನು ಖಿಚಡಿಯನ್ನು ಒಂದು ಸಣ್ಣ ಬಟ್ಟಲಿಗೆ ಇಳಿಸಿದ್ದೇನೆ. ಅದರಲ್ಲಿ ಶೇಂಗಾ ಪುಡಿ ಜಾಸ್ತಿ ಹಾಕಿಸುತ್ತೇನೆ, ಜೊತೆಗೆ ಒಂದು ಲೋಟ ಮಜ್ಜಿಗೆ. ಮೂರಕ್ಕೆ ಒಂದು ಶೇಂಗಾ ಉಂಡಿ, ಎರಡು ಖಜೂರ. ಒಂದೇ ಸಲಕ್ಕೆ ತಿನ್ನಬೇಡ, ಎರಡು ಪಾಲು ಮಾಡು. ಇಷ್ಟಕ್ಕೇ ನಿನ್ನ ಮೂರು ಗಂಟೆ ಅರ್ಧ ಸುಧಾರಿಸುತ್ತದೆ.

ತಲೆನೋವಿನದು ಬೇರೆ ಕತೆ. ಅದನ್ನು ಹಸಿವೆ ಅಂದುಕೊಳ್ಳುತ್ತೇವೆ. ದಿನಕ್ಕೆ ಐದು ಕಪ್ ಚಹಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ತಲೆ ಸಿಡಿಯದೆ ಇರುತ್ತದೆಯೇ? ನಾಲ್ಕು ದಿನ ಮೊದಲಿನಿಂದ ದಿನಕ್ಕೆ ಒಂದೊಂದೇ ಕಪ್ ಕಮ್ಮಿ ಮಾಡುತ್ತ ಬಾ. ನಮ್ಮ ಮನೆಯಲ್ಲಿ ಸಂಕಷ್ಟಿಗೆ ಚಹಾ ನಡೆಯುತ್ತದೆ. ಬೆಳಿಗ್ಗೆ ಒಂದು ಕಪ್ ಕುಡಿದೇ ಚಿಗರಿ ಬಸ್ ಹತ್ತುತ್ತೇನೆ. ನಿಮ್ಮ ಮನೆಯ ರೂಢಿ ಏನೋ, ಅತ್ತಿಯವರನ್ನು ಕೇಳು. ನೀರು ಮಾತ್ರ ಮರೆಯಬೇಡ. ಏಸಿಯಲ್ಲಿ ಕೂತವರಿಗೆ ಬಾಯಾರಿಕೆ ಗೊತ್ತೇ ಆಗುವುದಿಲ್ಲ.

ತಲೆ ಓಡಿಸಬೇಕಾದ ಕೆಲಸವನ್ನು ಹನ್ನೊಂದರೊಳಗೆ ಮುಗಿಸಿಬಿಡು. ಲೆಕ್ಕ ತಾಳೆ ಹಾಕುವುದು, ಬರೆಯುವುದು, ಯಾರಿಗಾದರೂ ಇಲ್ಲ ಅನ್ನುವುದು, ಎಲ್ಲ ಆಗಲೇ. ಮಧ್ಯಾಹ್ನಕ್ಕೆ ಎದ್ದು ಓಡಾಡುವ ಕೆಲಸ ಇಟ್ಟುಕೋ. ಹಿಂದಿನ ರಾತ್ರಿ ಬೇಗ ಮಲಗು. ಸೋಮವಾರ ರಾತ್ರಿ ಒಂಬತ್ತಕ್ಕೆ ಉಂಡವನು ಮಂಗಳವಾರ ಚಂದ್ರ ಬಂದ ಮೇಲೆ ಉಣ್ಣುವುದು, ಅಂದರೆ 24 ತಾಸು. ಅದರಲ್ಲಿ ನಿದ್ದೆಯೂ ಕೈಕೊಟ್ಟರೆ ಯಾವ ಶೇಂಗಾ ಉಂಡಿಯೂ ಕಾಯುವುದಿಲ್ಲ. ಜುಬಿಲಿ ಸರ್ಕಲ್ಲಿನಲ್ಲಿ ಹತ್ತಿ ಕೂತರೆ ಹುಬ್ಬಳ್ಳಿ ತನಕ ಸುಮ್ನೆ ಕಣ್ಣು ಮುಚ್ಚುತ್ತೇನೆ. ಉಣಕಲ್ ಕೆರೆ ದಾಟುವಾಗ ತಾನಾಗಿ ಎಚ್ಚರವಾಗುತ್ತದೆ.

ಇನ್ನೊಂದು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಹಿಡಿಯಬಾರದು. 2019ರಲ್ಲಿ ಅವ್ವ ಸಂಕಷ್ಟಿಯ ದಿನ ಗುಳಿಗೆ ನುಂಗಿ, ಬರೀ ಅರ್ಧ ಬಾಳೆಹಣ್ಣು ತಿಂದು ಸಂಜೆತನಕ ಕೆಲಸ ಮಾಡಿದಳು. ದೇವರ ಮುಂದೆ ಗರಿಕೆ ಎಣಿಸುತ್ತಿದ್ದವಳ ಕೈ ನಡುಗತೊಡಗಿತು. ಹನ್ನೊಂದು, ಹನ್ನೆರಡು, ಮತ್ತೆ ಹನ್ನೊಂದು. ಹಣೆ ತುಂಬ ಬೆವರು. ನಾನು ಸಕ್ಕರೆ ಡಬ್ಬಿ ತಂದು ಬಾಯಿಗೆ ಹಾಕಿದೆ. ಡಾಕ್ಟರು ಇನ್ನು ಉಪವಾಸ ಬೇಡ ಅಂದರು. ಅವಳು ಎರಡು ದಿನ ಅತ್ತಳು. ಆಮೇಲೆ "ನಿನಗ ಕೊಟ್ಟೇನಿ, ನೀ ಹಿಡಿ" ಅಂದಳು. ಹಾಗೆ ನನಗೆ ಬಂದದ್ದು ಇದು.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆಗಲಿಲ್ಲ.

ಮೊನ್ನೆಯದು ಅಂಗಾರಕಿ. ಮಂಗಳವಾರ ಬರುವ ಸಂಕಷ್ಟಿ, ನಿನಗೆ ಗೊತ್ತಲ್ಲ. ಅವ್ವನಿಗೆ ಅದು ಹಬ್ಬಕ್ಕಿಂತ ಹೆಚ್ಚು. ಬೇಗ ಬಾ, ಗುಡಿಗೆ ಹೋಗೋಣ ಅಂದಿದ್ದಳು. ಆಫೀಸಿನಲ್ಲಿ ಬೆಳಗಿನಿಂದ ಬೆಳೆವಿಮೆಯ ಗದ್ದಲ, ಮಧ್ಯಾಹ್ನ ಎರಡು ತಾಸು ಸರ್ವರ್ ಇರಲಿಲ್ಲ. ನಾಲ್ಕರ ಹೊತ್ತಿಗೆ ಒಬ್ಬ ಮುದುಕ ಬಂದು ನಿಂತರು. ನವಲಗುಂದದ ಆಚೆಯ ಹಳ್ಳಿಯವರು. ಪ್ಲಾಸ್ಟಿಕ್ ಚೀಲದಿಂದ ಉತಾರ, ಅಂದರೆ ಹೊಲದ ಪಹಣಿ, ತೆಗೆದರು. ನಾಲ್ಕು ಮಡಿಕೆ ಮಾಡಿದ್ದ ಕಾಗದ, ಮಳೆಗೆ ಮೂಲೆ ನೆಂದು ಮೆತ್ತಗಾಗಿತ್ತು. ಹರಿಯಬಾರದು ಅಂತ ಎರಡೂ ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಬಿಚ್ಚಿದರು. ಆಧಾರಿನಲ್ಲಿ ಒಂದು ಹೆಸರು, ಉತಾರದಲ್ಲಿ ಒಂದಕ್ಷರ ಹೆಚ್ಚು. ನಾನು ಮನಸ್ಸು ಮಾಡಿದ್ದರೆ ಹದಿನೈದು ನಿಮಿಷದ ಕೆಲಸ.

ಅವರು ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು. ಹೆಸರುಕಾಳಿನ ಬೆಳೆ ಕೊಯ್ಲಿಗೆ ಬಂದಿದೆ, ಮಳೆ ಬಿಡುತ್ತಿಲ್ಲ, ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತಿವೆ. ನನ್ನ ತಲೆಯಲ್ಲಿ ಗುಡಿ, ಬಸ್ಸು, ಹೊತ್ತು. ನಾನು ಅಂದೆ, "ಯಜಮಾನ್ರ, ಇವತ್ತ ನಂದು ಉಪಾಸ ಐತ್ರಿ. ತಲಿ ತಿನಬ್ಯಾಡ್ರಿ. ನಾಳಿ ಬರ್ರಿ."

ಜೋರಾಗಿಯೇ ಅಂದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಅವರಿಗೆ ಸಿಟ್ಟು ಬರಲಿಲ್ಲ ದೋಸ್ತ. ಬಂದಿದ್ದರೆ ಚೆನ್ನಾಗಿತ್ತು. "ಹೌದನ್ರಿ? ಅಂಗಾರಕಿ ಅಲ್ರೀ ಇವತ್ತ. ದಣದಿರತೀರಿ ಬಿಡ್ರಿ, ನಾಳಿ ಬರ್ತೀನಿ" ಅಂದರು. ನನ್ನ ಮುಖವನ್ನು ನಮ್ಮ ಅಪ್ಪ ನೋಡುತ್ತಿದ್ದ ಹಾಗೆ ನೋಡಿದರು. ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿ, ಚೀಲಕ್ಕೆ ಹಾಕಿ ಹೋದರು.

ನಾಲ್ಕೂವರೆಗೆ ನೀರಿನ ಬಾಟಲಿ ತುಂಬಲು ಎದ್ದೆ. ಕಿಟಕಿಯಿಂದ ಹೊರಗಿನ ಮೆಟ್ಟಿಲು ಕಾಣುತ್ತದೆ. ಅವರು ಅಲ್ಲಿ ಕೂತು ಅರಿವೆಯ ಗಂಟು ಬಿಚ್ಚುತ್ತಿದ್ದರು. ಎರಡು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ರೊಟ್ಟಿ ಒಣಗಿ ಕಟಕಟ ಆಗಿರಬೇಕು. ಒಂದು ಕೈಯಲ್ಲಿ ಮುರಿಯಲು ಬರದೆ ಮೊಣಕಾಲ ಮೇಲಿಟ್ಟು ಒತ್ತಿ ಮುರಿದರು. ನಮ್ಮ ಜವಾನ ಹೇಳಿದ, "ಮುಂಜಾನೆ ಐದಕ್ಕ ಮನಿ ಬಿಟ್ಟಾರಂತ್ರಿ. ಉಂಡ ಬರ್ರಿ ಅಂದೆ, ಪಾಳಿ ಹೊಕ್ಕೈತಿ ಅಂತ ಎದ್ದೇ ಇಲ್ಲ."

ನಾನು ಹನ್ನೆರಡೂವರೆಗೆ ಖಿಚಡಿ ತಿಂದಿದ್ದೆ, ಮಜ್ಜಿಗೆ ಕುಡಿದಿದ್ದೆ. ಮೂರಕ್ಕೆ ಉಂಡಿ, ಖಜೂರ ಆಗಿತ್ತು. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಉಪವಾಸ ಅಂತ ಹೇಳಿದವನು ನಾನು.

ಕೆಳಗೆ ಇಳಿದು ಹೋಗಬಹುದಿತ್ತು. ಮೆಟ್ಟಿಲು ಎಷ್ಟು ದೂರ? ಹೋಗಲಿಲ್ಲ. ಐದೂವರೆಗೆ ಚೀಲ ಎತ್ತಿಕೊಂಡು ಹೊರಟೆ. ಆಗ ಅವರು ಅಲ್ಲಿರಲಿಲ್ಲ. ಅವ್ವನ ಜೊತೆ ಗುಡಿಗೆ ಹೋದೆ, 21 ಗರಿಕೆ ಏರಿಸಿದೆ.

ಇದನ್ನು ಬರೆಯುತ್ತ ಇನ್ನೊಂದು ಗೊತ್ತಾಗುತ್ತಿದೆ. ಆರು ವರ್ಷದಿಂದ ನನ್ನ ಸಂಕಷ್ಟಿ ಇಡೀ ಆಫೀಸಿಗೆ ಗೊತ್ತು. ಯಾಕೆಂದರೆ ನಾನೇ ಹೇಳುತ್ತೇನೆ. ಬೆಳಿಗ್ಗೆ ಹೋದ ಕೂಡಲೇ ಹೇಳುತ್ತೇನೆ. ಆವತ್ತು ನನಗೆ ಕೌಂಟರ್ ಕೊಡುವುದಿಲ್ಲ, ನನ್ನ ಫೈಲು ಬೇರೆಯವರು ನೋಡುತ್ತಾರೆ. ನನ್ನ ದಣಿವನ್ನು ಅವರೆಲ್ಲ ಪಾಲು ಹಾಕಿಕೊಂಡು ಹೊತ್ತಿದ್ದಾರೆ, ನಾನು ಅದನ್ನು ನನ್ನ ನಿಷ್ಠೆ ಅಂದುಕೊಂಡಿದ್ದೆ. ನನ್ನ ಎದುರಿನ ಟೇಬಲ್ಲಿನ ಹೆಣ್ಣುಮಗಳು ಶ್ರಾವಣದ ಎಲ್ಲ ಸೋಮವಾರ ಹಿಡಿಯುತ್ತಾರೆ. ನಾಲ್ಕು ವರ್ಷ ಜೊತೆಗಿದ್ದರೂ ನನಗೆ ಗೊತ್ತಿರಲಿಲ್ಲ. ಹೋದ ಸೋಮವಾರ ಯಾರದೋ ಹುಟ್ಟುಹಬ್ಬದ ಕೇಕನ್ನು ಅವರು ಸುಮ್ನೆ ಡಬ್ಬಿಗೆ ಹಾಕಿಕೊಂಡಾಗ ಗೊತ್ತಾಯಿತು. ಆವತ್ತೂ ಕೌಂಟರಿನಲ್ಲಿ ಇದ್ದವರು ಅವರೇ.

ಅವ್ವ ನನಗೆ ಕೊಟ್ಟದ್ದು ಇದಲ್ಲ. ಸಂಕಷ್ಟಿಯ ದಿನ ಅವಳು ಯಾರ ಮೇಲಾದರೂ ಸಿಡುಕಿದ್ದು ನನಗೆ ನೆನಪಿಲ್ಲ. ತಾನು ಉಣ್ಣದ ದಿನ ನಮಗೆ ಎರಡು ಪಲ್ಯ ಮಾಡುತ್ತಿದ್ದಳು.

ಚಂದ್ರ ಮೋಡದಿಂದ ಹೊರಗೆ ಬರಲಿಲ್ಲ. ಕ್ಯಾಲೆಂಡರಿನ ಸಮಯ ನೋಡಿ, ಒಂಬತ್ತು ದಾಟಿದ ಮೇಲೆ, ಪೂರ್ವದ ಕಡೆ ಕೈ ಮುಗಿದು ಅರ್ಘ್ಯ ಬಿಟ್ಟೆವು. ಅವ್ವ ಕಡಬು ಬಡಿಸಿದಳು. ಒಂದಕ್ಕಿಂತ ಹೆಚ್ಚು ಇಳಿಯಲಿಲ್ಲ. ಪಿತ್ತ ಆಗಿದೆ ಅಂದೆ. ನಂಬಿದಳು. ಅವಳಿಗೆ ಇನ್ನೂ ಹೇಳಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ, ನಿನ್ನ ಜೊತೆ ಇಷ್ಟು ಜನರಿಗೆ.

ಬುಧವಾರ ಅವರು ಬರಲಿಲ್ಲ. ಗುರುವಾರ ಅರ್ಜಿಯಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಮಗ ತೆಗೆದು ಹೊಲದಲ್ಲಿದ್ದವರಿಗೆ ಕೊಟ್ಟ. ಗಾಳಿಯ ಸದ್ದಿನಲ್ಲಿ ಅವರ ದನಿ. ಮಳೆ ಎರಡು ದಿನ ಬಿಡುವು ಕೊಟ್ಟಿದೆ, ಹೆಸರುಕಾಯಿ ಬಿಡಿಸುತ್ತಿದ್ದಾರೆ. ನನ್ನಿಂದ ತಪ್ಪಾಯಿತು ಅಂದೆ. ಅವರಿಗೆ ಅದು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. "ಸೋಮವಾರ ಬರ್ತೀನ್ರಿ ಸಾಹೇಬ್ರ. ಶ್ರಾವಣ ಸೋಮವಾರ ನಂದು ಒಪ್ಪತ್ತು ಇರತೈತಿ. ಊಟದ ಗೊಡವಿ ಇಲ್ಲ, ಎಷ್ಟೊತ್ತಾದ್ರೂ ಪಾಳಿಗೆ ಕುಂದರಾಕ ಬರತೈತಿ" ಅಂದರು.

ಅಂದರೆ ನಾಳೆ. ಅವರು ಒಪ್ಪತ್ತಿನಲ್ಲಿ ಬರುತ್ತಾರೆ, ಹಾಗಾದರೆ ನಾನೂ ಇರಲೇ ಅಂತ ಒಂದು ಗಳಿಗೆ ಅನಿಸಿತು. ಬೇಡ. ಬೆಳಿಗ್ಗೆ ಹೊಟ್ಟೆ ತುಂಬ ರೊಟ್ಟಿ ಉಂಡು ಹೋಗುತ್ತೇನೆ. ಹೆಸರು ತಿದ್ದುವ ಕಾಗದ ಎಲ್ಲ ಶನಿವಾರವೇ ತಯಾರು ಮಾಡಿಟ್ಟಿದ್ದೇನೆ, ಅವರ ಒಂದು ಸಹಿ ಬಾಕಿ. ಹತ್ತೂವರೆಗೆ ಬಂದರೆ ಹನ್ನೊಂದರ ಬಸ್ಸಿಗೆ ಅವರು ಊರ ಕಡೆ ಹೊರಡಬಹುದು.

ಸಾಕು, ಬಹಳ ಬರೆದೆ. ನೀನು ಖಿಚಡಿ ಕಮ್ಮಿ ಮಾಡು, ಮುಂದಿನ ಸಂಕಷ್ಟಿ ಸೆಪ್ಟೆಂಬರ್ 10, ಬುಧವಾರ. ಅದಕ್ಕೂ ಮೊದಲು 27ಕ್ಕೆ ಚೌತಿ ಇದೆ. ಬೆಂಗಳೂರಿನಿಂದ ರಾತ್ರಿ ಗಾಡಿಗೆ ಹೊರಟು ಬಾ. ಅವ್ವ ಕಡಬಿಗೆ ನಿನ್ನನ್ನೂ ಲೆಕ್ಕ ಹಿಡಿದಿದ್ದಾಳೆ, ನಿನ್ನ ಹೆಸರಿನಲ್ಲಿ ಹನ್ನೆರಡು. ಇಲ್ಲಿ ಮಳೆ ಇನ್ನೂ ಜಿಟಿಜಿಟಿ ಹಿಡಿದೇ ಇದೆ. ಛತ್ರಿ ತಾ. ಯಾವುದು ಅಂತ ನಿನಗೆ ಗೊತ್ತು.

ನಿನ್ನ
ದೋಸ್ತ